ಬಾಡಿಗೆಯ ಮೋಟಾರು ಸೈಕಲ್ಲೂ ವಿದೇಶ ಪ್ರವಾಸದ ವಿಮೆಯೂ

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯಂಥ ಅಡಕೆಯ ಸೀಮೆಯಲ್ಲಿ ಮೋಟಾರು ಸೈಕಲ್ಲು ಈಗ ಮನೆಯ ಸಾಮಾನುಗಳಲ್ಲಿ ಒಂದಾಗಿದೆ. ತೋಟಕ್ಕೆ, ಸಂತೆಗೆ, ಮಂಡಿಗೆ, ಕಾಲೇಜಿಗೆ ಅದೇ ವಾಹನ. ತನ್ನದು ಇಲ್ಲದವನು ನೆರೆಯವನದನ್ನು ಕೇಳಿ ಪಡೆಯುತ್ತಾನೆ. ಕೊಡುವವನೂ ಸಂಕೋಚವಿಲ್ಲದೆ ಕೊಡುತ್ತಾನೆ. ಹಾಗೆ ಪಡೆಯುವಾಗ ಗಾಡಿಗೆ ವಿಮೆ ಉಂಟೇ ಎಂದು ಒಮ್ಮೊಮ್ಮೆ ಕೇಳುವುದುಂಟು. ಆದರೆ ಆ ವಿಮೆ ಯಾರಿಗಾಗಿ ಮಾಡಿಸಿದ್ದು, ಬಿದ್ದು ಪೆಟ್ಟಾದರೆ ಅದರಿಂದ ತನಗೆ ಏನಾದರೂ ದೊರೆತೀತೆ ಎಂದು ವಿಚಾರಿಸುವವರು ವಿರಳ. ಇದೇ ರೂಢಿಯೊಡನೆ ನಮ್ಮ ತರುಣರು ಇಂದು ಥಾಯ್ಲೆಂಡ್, ವಿಯೆಟ್ನಾಂ ಮೊದಲಾದ ದೇಶಗಳಿಗೆ ಪ್ರವಾಸ ಹೋಗಿ, ಅಲ್ಲಿ ದಿನದ ಲೆಕ್ಕದಲ್ಲಿ ಸ್ಕೂಟರನ್ನೋ ಮೋಟಾರು ಸೈಕಲ್ಲನ್ನೋ ಬಾಡಿಗೆಗೆ ಪಡೆಯುತ್ತಿದ್ದಾರೆ. ಕೈಯಲ್ಲಿ ಪ್ರವಾಸ ವಿಮೆಯ ಪತ್ರವಿದೆ, ಬಾಡಿಗೆಯವನು ‘ವಿಮೆ ಇದೆ’ ಎಂದಿದ್ದಾನೆ. ಇಷ್ಟರಿಂದ ತಾವು ನಿಶ್ಚಿಂತರೆಂದು ಅವರು ಭಾವಿಸುತ್ತಾರೆ. ಈ ಭಾವನೆ ಎಷ್ಟರ ಮಟ್ಟಿಗೆ ಸಾಧು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ವಿಮೆಯ ಮೂರು ಕವಲುಗಳು

‘ವಿಮೆ’ ಎಂಬ ಒಂದೇ ಶಬ್ದದಿಂದ ನಾವು ಪರಸ್ಪರ ಭಿನ್ನವಾದ ಕರಾರುಗಳನ್ನು ಸೂಚಿಸುತ್ತೇವೆ. ಗೊಂದಲದ ಮೂಲ ಇಲ್ಲಿಯೇ ಇದೆ. ಕರ್ನಾಟಕದ ಅನುಭವವನ್ನೇ ತೆಗೆದುಕೊಂಡರೆ, 1891ರಲ್ಲಿ ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ ಜೀವವಿಮಾ ಯೋಜನೆಯನ್ನು ಆರಂಭಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಬೇರು ಅದರಲ್ಲಿದೆ. ಅಲ್ಲಿ ವಿಮೆಯ ಫಲ ಸಲ್ಲುವುದು ವಿಮೆ ಮಾಡಿಸಿದವನಿಗೆ, ಇಲ್ಲವೆ ಅವನ ಸಂಸಾರಕ್ಕೆ.

ಮೋಟಾರು ವಾಹನದ ಕಡ್ಡಾಯ ವಿಮೆಯ ಸ್ವರೂಪ ಇದಕ್ಕೆ ವಿರುದ್ಧವಾದುದು. 1939ರ ಮೋಟಾರು ವಾಹನ ಕಾಯಿದೆಯ ವಿಮಾ ಅಧ್ಯಾಯವು 1946ರಲ್ಲಿ ಜಾರಿಗೆ ಬಂದಿತು. ಈಗ ಅದೇ ವಿಧಿ 1988ರ ಕಾಯಿದೆಯ 146ನೆಯ ಪ್ರಕರಣದಲ್ಲಿದೆ. ಕಾಯಿದೆ ಕಡ್ಡಾಯ ಮಾಡಿರುವುದು ಮಾಲೀಕನ ಹಿತಕ್ಕಾಗಿ ಅಲ್ಲ, ಅವನ ವಾಹನದಿಂದ ಪೆಟ್ಟು ತಿನ್ನಬಹುದಾದ ಅಪರಿಚಿತನ ಹಿತಕ್ಕಾಗಿ. ಮಾಲೀಕನೂ ಅಲ್ಲದ, ವಿಮಾ ಸಂಸ್ಥೆಯೂ ಅಲ್ಲದ ಈ ವ್ಯಕ್ತಿಯನ್ನೇ ಶಾಸನದ ಭಾಷೆಯಲ್ಲಿ ‘ಮೂರನೆಯ ಪಕ್ಷ’ ಎನ್ನುವುದು.

ಮೂರನೆಯ ಕವಲು ಪ್ರವಾಸ ವಿಮೆ. ವಿದೇಶದಲ್ಲಿ ಕಾಯಿಲೆ ಬಿದ್ದ ಅಥವಾ ಗಾಯಗೊಂಡ ಭಾರತೀಯನ ಆಸ್ಪತ್ರೆಯ ವೆಚ್ಚವನ್ನು ಭರಿಸುವ ‘ಓವರ್‌ಸೀಸ್ ಮೆಡಿಕ್ಲೇಮ್’ ಪಾಲಿಸಿಯನ್ನು ನಮ್ಮ ಸಾರ್ವಜನಿಕ ಕ್ಷೇತ್ರದ ವಿಮಾ ಸಂಸ್ಥೆಗಳು 1984ರಲ್ಲಿ ಬಳಕೆಗೆ ತಂದುವು. ಇದನ್ನು ಯಾವ ಭಾರತೀಯ ಕಾಯಿದೆಯೂ ಕಡ್ಡಾಯ ಮಾಡಿಲ್ಲ. ಇದು ಪ್ರವಾಸಿಗೂ ವಿಮಾ ಸಂಸ್ಥೆಗೂ ನಡುವಣ ಶುದ್ಧ ಕರಾರು. ಪತ್ರದಲ್ಲಿ ಬರೆದಿರುವುದೆಷ್ಟೋ ಅಷ್ಟೇ ಅದರ ವ್ಯಾಪ್ತಿ.

2. ಎರವಲು ಸವಾರನ ಸ್ಥಾನ

ಬಾಡಿಗೆಯ ವಾಹನವನ್ನು ಹತ್ತಿದವನು ಈ ಕವಲುಗಳಲ್ಲಿ ಎಲ್ಲಿ ನಿಲ್ಲುತ್ತಾನೆ? ಈ ಪ್ರಶ್ನೆಗೆ ನಮ್ಮ ನಾಡಿನ ರಸ್ತೆಯಿಂದಲೇ ಎದ್ದ ಒಂದು ವ್ಯಾಜ್ಯ ಉತ್ತರ ಕೊಟ್ಟಿದೆ. 2000ದ ಫೆಬ್ರವರಿಯಲ್ಲಿ ಒಬ್ಬಾತನು ಇನ್ನೊಬ್ಬರ ಮೋಟಾರು ಸೈಕಲ್ಲನ್ನು ಎರವಲು ಪಡೆದು ಇಳಕಲ್ಲಿನಿಂದ ತನ್ನ ಊರಿಗೆ ಹೊರಟಿದ್ದನು. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಹಠಾತ್ತಾಗಿ ನಿಂತಿತು. ಮೋಟಾರು ಸೈಕಲ್ಲು ಅದಕ್ಕೆ ಬಡಿದು ಸವಾರನು ಮೃತನಾದನು. ಅವನ ಕುಟುಂಬದವರು, ಯಾರ ತಪ್ಪೆಂದು ಸಾಧಿಸಬೇಕಾಗಿಲ್ಲದ ಆಗಿನ 163-ಎ ಪ್ರಕರಣದಂತೆ, ಆ ಮೋಟಾರು ಸೈಕಲ್ಲಿನ ವಿಮಾ ಸಂಸ್ಥೆಯಿಂದ ಪರಿಹಾರ ಕೇಳಿದರು.

2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ಎರವಲು ಪಡೆದ ಸವಾರನು ಆ ಹೊತ್ತಿಗೆ ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆ. ಪರಿಹಾರ ಕೊಡಬೇಕಾದ ಸ್ಥಾನದಲ್ಲಿರುವವನೇ ಪರಿಹಾರ ಪಡೆಯುವ ಮೂರನೆಯ ಪಕ್ಷವಾಗಲಾರನು ಎಂಬುದು ತೀರ್ಪಿನ ತಿರುಳು. ಬೇರೊಂದು ಪ್ರಕರಣದಡಿ ಪರಿಹಾರಕ್ಕೆ ಅವಕಾಶವುಂಟೇ ಎಂದು ಪರಿಶೀಲಿಸಲು ವ್ಯಾಜ್ಯವನ್ನು ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಹಿಂದಿರುಗಿಸಲಾಯಿತು. 2020ರಲ್ಲಿ ರಾಜಸ್ಥಾನದಿಂದ ಬಂದ ಇಂಥದೇ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯವು ಈ ತತ್ತ್ವವನ್ನು ಎತ್ತಿಹಿಡಿದು, ಕರಾರಿನಲ್ಲಿ ಮಾಲೀಕ-ಚಾಲಕನಿಗೆಂದು ಬರೆದಿದ್ದ ಒಂದು ಲಕ್ಷ ರೂಪಾಯಿಯನ್ನೂ ಅದರ ಬಡ್ಡಿಯನ್ನೂ ಮಾತ್ರ ಕೊಡಿಸಿತು. 163-ಎ ಪ್ರಕರಣವು 2019ರ ತಿದ್ದುಪಡಿಯಿಂದ ಹೋಗಿ 164ನೆಯದು ಅದರ ಸ್ಥಾನಕ್ಕೆ ಬಂದಿದೆ. ತತ್ತ್ವದ ವ್ಯಾಪ್ತಿಯನ್ನು ಕುರಿತ ಚರ್ಚೆ ನ್ಯಾಯಾಲಯಗಳಲ್ಲಿ ಇನ್ನೂ ನಡೆದಿದೆ. ಆದರೂ ಪ್ರವಾಸಿ ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ: ವಾಹನದ ವಿಮೆಯು ವಾಹನವೇರಿದ ಎರವಲುಗಾರನಿಗೆ ಆಸರೆಯಾಗುವುದೆಂದು ನೆಚ್ಚಲಾಗದು.

ಇದೇ ಸಂದರ್ಭದಲ್ಲಿ ಇನ್ನೊಂದು ಭೇದವನ್ನು ಗಮನಿಸಬೇಕು. ಚಾಲಕನಿಗೆ ಸರಿಯಾದ ಪರವಾನಗಿ ಇಲ್ಲದ ಸಂದರ್ಭಗಳಲ್ಲಿ ಸಹ, ವಿಮಾ ಸಂಸ್ಥೆ ಮೊದಲು ಗಾಯಾಳುವಿಗೆ ಹಣ ತೆತ್ತು ಅನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ಕ್ರಮವನ್ನು 2004ರ ಒಂದು ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಶದಪಡಿಸಿತು. ಈ ಅನುಕಂಪ ಹುಟ್ಟಿದ್ದು ಶಾಸನದ ಸಾಮಾಜಿಕ ಉದ್ದೇಶದಿಂದ. ಪ್ರವಾಸ ವಿಮೆಗೆ ಅಂಥ ಶಾಸನದ ಬೆಂಬಲವಿಲ್ಲ. ಊರಿನಲ್ಲಿ ಪರವಾನಗಿಯಿಲ್ಲದವನ ವಾಹನದಿಂದ ಪೆಟ್ಟು ತಿಂದವನಿಗೂ ಪರಿಹಾರ ದೊರೆತುದನ್ನು ಕಂಡವರು, ವಿದೇಶದಲ್ಲಿ ತಮಗೂ ಹಾಗೆಯೇ ಆದೀತೆಂದು ತಿಳಿಯುವುದು ಸರಿಯಲ್ಲ.

3. ಹೊರದೇಶದಲ್ಲಿ ನಾಲ್ಕು ಬಗೆಯ ನಷ್ಟ

ಒಂದು ದೃಷ್ಟಾಂತದಿಂದ ವಿಷಯವನ್ನು ಬಿಡಿಸಿ ನೋಡೋಣ. ಉಬ್ರಾಣಿಯ ಪದವೀಧರನೊಬ್ಬನು ಥಾಯ್ಲೆಂಡಿಗೆ ಹೋಗಿ ಎಂಟು ದಿನದ ಮಟ್ಟಿಗೆ ಸ್ಕೂಟರನ್ನು ಬಾಡಿಗೆಗೆ ಪಡೆದನೆಂದೂ, ಮಳೆಯಲ್ಲಿ ತಿರುವಿನೊಳಗೆ ಜಾರಿ ಪಾದಚಾರಿಯೊಬ್ಬನಿಗೆ ತಗುಲಿ ತಾನೂ ಬಿದ್ದು ತೊಡೆಯ ಮೂಳೆ ಮುರಿದುಕೊಂಡನೆಂದೂ ಇಟ್ಟುಕೊಳ್ಳೋಣ. ಇಲ್ಲಿ ನಾಲ್ಕು ನಷ್ಟಗಳು ಒಟ್ಟಿಗೆ ಸಂಭವಿಸಿವೆ: ಪಾದಚಾರಿಯ ಗಾಯ, ಅದಕ್ಕಾಗಿ ಸವಾರನ ಮೇಲೆ ಬೀಳುವ ಹೊಣೆ, ಬಾಡಿಗೆಯ ಸ್ಕೂಟರಿನ ಜಖಂ, ಸವಾರನ ಸ್ವಂತ ಶರೀರದ ಚಿಕಿತ್ಸೆ.

ಪಾದಚಾರಿಯ ಗಾಯಕ್ಕೆ ಆ ದೇಶದ 1992ರ ಶಾಸನದಂತೆ ಪ್ರತಿಯೊಂದು ವಾಹನಕ್ಕೂ ಕಡ್ಡಾಯವಾದ ವಿಮೆಯಿದೆ. ಬಾಡಿಗೆಯವನು ‘ವಿಮೆ ಇದೆ’ ಎನ್ನುವುದು ಬಹುಮಟ್ಟಿಗೆ ಇದನ್ನೇ. ತಪ್ಪು ಸವಾರನದೇ ಆದಾಗ ಅವನ ಚಿಕಿತ್ಸೆಗೆ ಈ ವಿಮೆಯಿಂದ ದೊರೆಯುವುದು ಪ್ರಾಥಮಿಕ ಪರಿಹಾರವಾದ 30,000 ಬಾತ್ ಮಾತ್ರ. ಮೂಳೆಯ ಶಸ್ತ್ರಚಿಕಿತ್ಸೆ, ಹಲವು ದಿನಗಳ ಆಸ್ಪತ್ರೆವಾಸ, ಮಲಗಿದ ಸ್ಥಿತಿಯಲ್ಲಿಯೇ ಸ್ವದೇಶಕ್ಕೆ ಮರಳುವ ವಿಮಾನದ ವೆಚ್ಚ ಇವುಗಳ ಮುಂದೆ ಈ ಮೊತ್ತ ಅತ್ಯಲ್ಪ.

ಪಾದಚಾರಿಯ ನಷ್ಟ ಕಡ್ಡಾಯ ವಿಮೆಯ ಮಿತಿಯನ್ನು ದಾಟಿದರೆ ಉಳಿದ ಹೊಣೆ ಸವಾರನ ಮೇಲೆ ಬೀಳಬಹುದು. ಪ್ರವಾಸ ವಿಮೆಯಲ್ಲಿ ‘ವೈಯಕ್ತಿಕ ಹೊಣೆ’ ಎಂಬ ಭಾಗವೊಂದು ಇರುವುದು ನಿಜ. ಆದರೆ ಯಂತ್ರಚಾಲಿತ ವಾಹನದ ಬಳಕೆಯಿಂದ ಉಂಟಾದ ಹೊಣೆಯನ್ನು ಆ ಭಾಗದಿಂದ ಹೊರಗಿಡುವುದು ಸಾಮಾನ್ಯ ವಾಡಿಕೆ. ಸ್ಕೂಟರಿನ ಜಖಮ್ಮಿಗೂ ಪ್ರವಾಸ ವಿಮೆ ಬಹುಶಃ ಒದಗದು. ಬಾಡಿಗೆಯ ಅಂಗಡಿಯಲ್ಲಿ ಹೆಚ್ಚು ಹಣ ಪಡೆದು ‘ಜಖಂ ಮನ್ನಾ’ ಎಂದು ಬರೆದುಕೊಡುವುದುಂಟು. ಅದು ಗಾಡಿಯ ರಿಪೇರಿಗೆ ಸಂಬಂಧಿಸಿದ್ದು, ಸವಾರನ ಮೂಳೆಗೆ ಸಂಬಂಧಿಸಿದ್ದಲ್ಲ.

ಹೀಗೆ ನಾಲ್ಕರಲ್ಲಿ ಪ್ರವಾಸ ವಿಮೆಯ ನಿಜವಾದ ಕ್ಷೇತ್ರ ಕೊನೆಯದೊಂದೇ: ಸವಾರನ ಸ್ವಂತ ಶರೀರ. ಉಳಿದ ಮೂರು ವಿಮೆಗಳೂ ಕೈಬಿಟ್ಟಲ್ಲಿ ನಿಲ್ಲಬೇಕಾದುದು ಇದು. ಆದಕಾರಣ ಇದರ ಷರತ್ತುಗಳೇ ವಿಷಯದ ಮರ್ಮಸ್ಥಾನ.

4. ಪರವಾನಗಿಯ ವರ್ಗ

ದ್ವಿಚಕ್ರ ವಾಹನದ ಸವಾರಿಯನ್ನು ಕೆಲವು ಪಾಲಿಸಿಗಳು ಪೂರ್ಣವಾಗಿ ಹೊರಗಿಡುತ್ತವೆ. ಕೆಲವು ಎಂಜಿನ್ನಿನ ಗಾತ್ರಕ್ಕೆ ಮಿತಿ ಹಾಕುತ್ತವೆ. ಒಪ್ಪುವ ಪಾಲಿಸಿಗಳು ಸಹ ಮದ್ಯಪಾನ ಮಾಡಿ ಸವಾರಿ, ಪಂದ್ಯದ ಓಟ, ಶಿರಸ್ತ್ರಾಣವಿಲ್ಲದ ಸವಾರಿ ಮೊದಲಾದವನ್ನು ವರ್ಜಿಸುವುದುಂಟು. ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಎಡವಿಸಬಲ್ಲ ಷರತ್ತು ಇನ್ನೊಂದು: ಸವಾರಿ ನಡೆದ ದೇಶದಲ್ಲಿ, ಆ ವರ್ಗದ ವಾಹನಕ್ಕೆ, ಸಿಂಧುವಾದ ಪರವಾನಗಿ ಸವಾರನಲ್ಲಿರಬೇಕು.

ಈ ವಾಕ್ಯದಲ್ಲಿ ಎರಡು ಪರೀಕ್ಷೆಗಳು ಅಡಗಿವೆ. ಮೊದಲನೆಯದು ದೇಶದ ಪರೀಕ್ಷೆ. ಭಾರತದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದವನ್ನು ಅನುಸರಿಸಿದ್ದು. ಈ ಒಪ್ಪಂದವನ್ನು ಭಾರತ 1962ರಲ್ಲಿ ಸ್ಥಿರೀಕರಿಸಿತು. ಥಾಯ್ಲೆಂಡ್ ಸಹ ಇದಕ್ಕೆ ಸೇರಿದೆ. ವಿಯೆಟ್ನಾಂ 2014ರಲ್ಲಿ ಸೇರಿದ್ದು 1968ರ ವಿಯೆನ್ನಾ ಒಪ್ಪಂದಕ್ಕೆ. ಆದ್ದರಿಂದ 1949ರ ಮಾದರಿಯ ನಮ್ಮ ಪುಸ್ತಿಕೆಯನ್ನು ಅಲ್ಲಿ ನೆಚ್ಚುವಂತಿಲ್ಲ. ಬಾಡಿಗೆಯ ಅಂಗಡಿಯವನು ಯಾವ ಕಾಗದವನ್ನೂ ಕೇಳದೆ ಕೀಲಿಕೈ ಕೊಟ್ಟನೆಂಬುದು ಪರವಾನಗಿಗೆ ಸಮವಾಗದು. ಅಂಗಡಿಯವನಿಗೆ ಬೇಕಾದುದು ಬಾಡಿಗೆ. ಪರಿಹಾರದ ಅರ್ಜಿಯನ್ನು ಪರಿಶೀಲಿಸುವ ಅಧಿಕಾರಿಗೆ ಬೇಕಾದುದು ದಾಖಲೆ.

ಎರಡನೆಯದು ವರ್ಗದ ಪರೀಕ್ಷೆ. ಅಂತರರಾಷ್ಟ್ರೀಯ ಪರವಾನಗಿಯಲ್ಲಿ ಮೋಟಾರು ಸೈಕಲ್ಲಿಗೆ ‘ಎ’ ವರ್ಗ, ಕಾರಿಗೆ ‘ಬಿ’ ವರ್ಗ. ಊರಿನ ಮೂಲ ಪರವಾನಗಿಯಲ್ಲಿ ಯಾವುದಿದೆಯೋ ಅದಕ್ಕೆ ಮಾತ್ರ ಪುಸ್ತಿಕೆಯಲ್ಲಿ ಮುದ್ರೆ ಬೀಳುತ್ತದೆ. ನಮ್ಮ ದೃಷ್ಟಾಂತದ ತರುಣನು ಹದಿನಾಲ್ಕನೆಯ ವಯಸ್ಸಿನಿಂದ ತೋಟದ ದಾರಿಯಲ್ಲಿ ಮೋಟಾರು ಸೈಕಲ್ಲು ಓಡಿಸಿ ಪಳಗಿದ್ದಾನೆ. ಆದರೆ ಪರವಾನಗಿ ಮಾಡಿಸಿದ್ದು ಕಾರಿಗೆ ಮಾತ್ರ. ಊರಿನಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ವಿದೇಶದ ಆಸ್ಪತ್ರೆಯಲ್ಲಿ ಮಲಗಿರುವಾಗ ವಿಮಾ ಸಂಸ್ಥೆಯು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ಅವನ ಕೌಶಲ ಇಲ್ಲಿ ಸಾಕ್ಷ್ಯವಾಗುವುದಿಲ್ಲ. ಕಟ್ಟಿದ ಕಂತು ವ್ಯರ್ಥವಾಗಿ, ಚಿಕಿತ್ಸೆಯ ಭಾರ ಮನೆಯವರ ತೋಟದ ಮೇಲೆ ಬರುತ್ತದೆ.

5. ವ್ಯವಸ್ಥೆಯ ಕ್ರಮ

ಮೇಲಿನ ವಿವೇಚನೆಯಿಂದ ಪ್ರವಾಸಿಯು ಅನುಸರಿಸಬೇಕಾದ ಕ್ರಮ ತಾನಾಗಿ ಹೊರಡುತ್ತದೆ. ಸಾಮಾನ್ಯವಾಗಿ ಜನರು ಮೊದಲು ಟಿಕೆಟ್ಟು, ಕೊನೆಗೆ ವಿಮೆ ಎಂದು ನಡೆಯುತ್ತಾರೆ. ಪರವಾನಗಿ ಲೆಕ್ಕಕ್ಕೇ ಬರುವುದಿಲ್ಲ. ಕ್ರಮ ತಿರುಗುಮುರುಗಾಗಬೇಕು.

ಮೊದಲು ಮೂಲ ಪರವಾನಗಿಯಲ್ಲಿ ಮೋಟಾರು ಸೈಕಲ್ಲಿನ ವರ್ಗವನ್ನು ಸೇರಿಸಿಕೊಳ್ಳಬೇಕು. ಕಲಿಕೆಯ ಪರವಾನಗಿ, ಅನಂತರದ ಪರೀಕ್ಷೆ ಇವಕ್ಕೆ ಕಾಲ ಹಿಡಿಯುವುದರಿಂದ ಪ್ರವಾಸಕ್ಕೆ ಕೆಲವು ತಿಂಗಳು ಮುಂಚೆಯೇ ಇದು ಆರಂಭವಾಗಬೇಕು. ಅನಂತರ ತನ್ನ ವಾಸಸ್ಥಳದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನಮೂನೆ 4-ಎ ಸಲ್ಲಿಸಿ ಅಂತರರಾಷ್ಟ್ರೀಯ ಪರವಾನಗಿಯನ್ನು ಪಡೆಯಬೇಕು. ಚನ್ನಗಿರಿ ತಾಲ್ಲೂಕು 1997ರಲ್ಲಿ ಶಿವಮೊಗ್ಗದಿಂದ ದಾವಣಗೆರೆ ಜಿಲ್ಲೆಗೆ ಸೇರಿದುದರಿಂದ ಉಬ್ರಾಣಿಯವರಿಗೆ ದಾವಣಗೆರೆಯ ಕಚೇರಿ ಸಲ್ಲುತ್ತದೆ. ಈ ಪುಸ್ತಿಕೆಯ ಅವಧಿ ಒಂದು ವರ್ಷವನ್ನು ಮೀರದು. ಮೂಲ ಪರವಾನಗಿಯನ್ನೂ ಇದರೊಡನೆ ಒಯ್ಯಬೇಕು.

ಮೂರನೆಯ ಹೆಜ್ಜೆ ವಿಮೆಯ ಆಯ್ಕೆ. ವೀಸಾಕ್ಕೆ ಬೇಕಾದ ವಿಮೆ ಬೇರೆ, ಸವಾರಿಗೆ ಬೇಕಾದ ವಿಮೆ ಬೇರೆ ಎಂಬುದನ್ನು ಮರೆಯಬಾರದು. ಯೂರೋಪಿನ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕೆಂದು 2009ರ ವೀಸಾ ಸಂಹಿತೆ ವಿಧಿಸಿದೆ; ಆ ಮೊತ್ತದ ಪತ್ರವಿದ್ದ ಮಾತ್ರಕ್ಕೆ ಮೋಟಾರು ಸೈಕಲ್ಲಿನ ಅಪಘಾತ ಅದರಲ್ಲಿ ಅಡಕವಾಗಿದೆ ಎನ್ನಲಾಗದು. ಪಾಲಿಸಿಯ ಸಂಕ್ಷಿಪ್ತ ಜಾಹೀರಾತನ್ನು ಬಿಟ್ಟು ಷರತ್ತುಗಳ ಪೂರ್ಣ ಪಾಠವನ್ನು, ಅದರಲ್ಲಿಯೂ ‘ಹೊರಗಿಟ್ಟವು’ ಎಂಬ ಭಾಗವನ್ನು ಓದಬೇಕು. ಬಾಡಿಗೆಯ ದ್ವಿಚಕ್ರ ವಾಹನ, ಎಂಜಿನ್ನಿನ ಗಾತ್ರ, ಹಿಂಬದಿಯ ಸವಾರ, ಬೆಟ್ಟದ ಕಚ್ಚಾ ರಸ್ತೆ ಈ ನಾಲ್ಕರ ಬಗೆಗೆ ಸಂದೇಹವಿದ್ದರೆ ವಿಮಾ ಸಂಸ್ಥೆಗೆ ಬರೆದು ಕೇಳಿ, ಉತ್ತರವನ್ನೂ ಬರವಣಿಗೆಯಲ್ಲಿಯೇ ಪಡೆಯಬೇಕು. ಏಜೆಂಟರ ಬಾಯಿಮಾತು ಆಪತ್ಕಾಲದಲ್ಲಿ ನೆರವಾಗುವುದು ದುಸ್ತರ. ಇತ್ತ ಪ್ರವಾಸಿಗೂ ಒಂದು ಕರ್ತವ್ಯವಿದೆ. ವಿಮೆಯು ಪರಸ್ಪರ ಪೂರ್ಣ ವಿಶ್ವಾಸವನ್ನು ಆಧರಿಸಿದ ಕರಾರಾದ್ದರಿಂದ ತನಗೆ ಮೊದಲೇ ಇರುವ ಕಾಯಿಲೆಗಳನ್ನು ಮರೆಮಾಚದೆ ತಿಳಿಸಬೇಕು.

ಅಪಘಾತವೇ ಆದ ಪಕ್ಷದಲ್ಲಿ ಪಾಲಿಸಿಯಲ್ಲಿ ಕೊಟ್ಟಿರುವ ಸಹಾಯವಾಣಿಗೆ ಸಾಧ್ಯವಾದಷ್ಟು ಬೇಗ ತಿಳಿಸಬೇಕು. ಪೊಲೀಸು ವರದಿ, ಆಸ್ಪತ್ರೆಯ ಕಾಗದಗಳು, ಬಾಡಿಗೆಯ ಕರಾರು, ಎರಡೂ ಪರವಾನಗಿಗಳ ಪ್ರತಿ ಇವನ್ನು ಕಾದಿಡಬೇಕು. ಇವುಗಳ ಒಂದು ಪ್ರತಿ ಹೊರಡುವ ಮುನ್ನವೇ ಮನೆಯವರ ಬಳಿ ಇದ್ದರೆ ಲೇಸು. ವಿಮಾ ಸಂಸ್ಥೆಯು ಅರ್ಜಿಯನ್ನು ಅನ್ಯಾಯವಾಗಿ ತಿರಸ್ಕರಿಸಿತೆಂದು ತೋರಿದರೆ, ಮೊದಲು ಆ ಸಂಸ್ಥೆಗೇ ಲಿಖಿತ ದೂರು ಕೊಟ್ಟು, ತೃಪ್ತಿಕರ ಉತ್ತರ ಬಾರದಿದ್ದಲ್ಲಿ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ರ ಮುಂದೆ ಹೋಗಬಹುದು. ಇದಕ್ಕೆ ವಕೀಲರ ಅಗತ್ಯವಿಲ್ಲ, ಶುಲ್ಕವೂ ಇಲ್ಲ.

ವಿಮೆಯನ್ನು ಕೊಂಡುಕೊಳ್ಳುವುದು ಕೆಲವೇ ನಿಮಿಷಗಳ ಕೆಲಸ. ಅದಕ್ಕೆ ಅರ್ಹನಾಗುವುದು ಕೆಲವು ತಿಂಗಳ ಕೆಲಸ. ಪ್ರವಾಸಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಪಾಸ್‌ಪೋರ್ಟಿನ ಜೊತೆಗೆ ಚಾಲನಾ ಪರವಾನಗಿಯ ವರ್ಗವನ್ನೂ ಒಮ್ಮೆ ತೆರೆದು ನೋಡುವಂತೆ ಹೇಳಿದರೆ, ವಿದೇಶದಲ್ಲಿ ಆಗಬಹುದಾದ ದೊಡ್ಡದೊಂದು ನಷ್ಟ ಊರಿನಲ್ಲಿಯೇ ತಪ್ಪಬಹುದು.