ತರಗತಿ ಮುಗಿದ ಮೇಲೆ ಶುರುವಾಗುವ ಕಾಲೇಜು

ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್ ಕಡೆಗೆ ಹೊರಟರೆ ನಾಲ್ಕನೆಯ ನಿಲ್ದಾಣ ಸೆಂಟ್ರಲ್ ಕಾಲೇಜು. ಕೆಂಗೇರಿ ಕಡೆಗೆ ಹೊರಟರೆ ಏಳನೆಯದು ಜ್ಞಾನಭಾರತಿ. 1858ರಲ್ಲಿ ಹೈಸ್ಕೂಲಾಗಿ ಶುರುವಾಗಿ ಬೆಳೆದದ್ದು ಮೊದಲನೆಯದು. ಅದನ್ನೂ ಯುವಿಸಿಇ ಎಂಜಿನಿಯರಿಂಗ್ ಕಾಲೇಜನ್ನೂ ಬುನಾದಿಯಾಗಿಟ್ಟುಕೊಂಡು 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯ, 1973ರಲ್ಲಿ ಜ್ಞಾನಭಾರತಿಗೆ ಬಂದು ನೆಲೆಯೂರಿತು. ನಡುವಿನ ಹೊಸಹಳ್ಳಿ ನಿಲ್ದಾಣ, ನಾಡಿನ ಉದ್ದಗಲಕ್ಕೂ ಶಾಲೆ-ಕಾಲೇಜು ಕಟ್ಟಿದ ಆದಿಚುಂಚನಗಿರಿಯ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರನ್ನು ಹೊತ್ತಿದೆ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಇಲ್ಲಿನ ಎರಡೂ ಪ್ಲಾಟ್‌ಫಾರ್ಮುಗಳಲ್ಲಿ ಬ್ಯಾಗು ಹೊತ್ತ ಮಕ್ಕಳದೇ ಗದ್ದಲ.

ಅವರಲ್ಲಿ ಮೊದಲ ವರ್ಷದವರನ್ನು ಗುರುತಿಸುವುದು ಕಷ್ಟವಲ್ಲ. ಕತ್ತಿನಲ್ಲಿ ಹೊಸ ಐಡಿ ಕಾರ್ಡು, ಪಕ್ಕದಲ್ಲಿ ಜೊತೆಗಾರರಿಲ್ಲ. ಮಾಗಡಿ, ಕುಣಿಗಲ್, ಮಂಡ್ಯ ಕಡೆಯಿಂದ ಬಂದು ವಿಜಯನಗರದ ಪಿಜಿಗಳಲ್ಲೋ ನೆಂಟರ ಮನೆಯಲ್ಲೋ ಉಳಿದವರು ಎಷ್ಟೋ ಮಂದಿ. ಪಿಯುಸಿಯ ಎರಡು ವರ್ಷ ಸಿಇಟಿ, ನೀಟ್ ಎಂದು ತಲೆ ಎತ್ತದೆ ಓದಿದವರಿಗೆ ಕೊನೆಯ ಸಲ ವೇದಿಕೆ ಹತ್ತಿದ್ದು ಹೈಸ್ಕೂಲಿನ ಪ್ರತಿಭಾ ಕಾರಂಜಿಯಲ್ಲಿ. ಇಂಥವರ ಕಣ್ಣಿಗೆ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಬೀಳುವ ಒಂದು ಸಣ್ಣ ಚೀಟಿಯ ಬಗ್ಗೆ ಈ ಲೇಖನ: ‘ಕನ್ನಡ ಸಂಘಕ್ಕೆ ಸೇರಬಯಸುವವರು ಕನ್ನಡ ವಿಭಾಗದಲ್ಲಿ ಹೆಸರು ಕೊಡಿ.’

ಕನ್ನಡ ಸಂಘ ಎಂದರೆ ನವೆಂಬರಿನಲ್ಲಿ ಬಾವುಟ ಹಾರಿಸಿ ಸಿಹಿ ಹಂಚುವ ಸಮಿತಿ ಎಂದು ತಿಳಿದವರಿದ್ದಾರೆ. ಅದರ ಚರಿತ್ರೆ ಬೇರೆಯೇ ಹೇಳುತ್ತದೆ. ನೂರು ವರ್ಷಗಳ ಹಿಂದೆ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅಲ್ಲಿ ಅಧ್ಯಾಪಕರಾಗಿದ್ದ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ಣಾಟಕ ಸಂಘ ಕಟ್ಟಿ, 1919ರಲ್ಲಿ ಅದರಿಂದ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆ ಹೊರಡಿಸಿದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಶುರುವಾಗಿದ್ದು 1927ರಲ್ಲಿ. ಅಂದರೆ ಕನ್ನಡದಲ್ಲಿ ಉನ್ನತ ಪದವಿ ಬರುವುದಕ್ಕೂ ಎಂಟು ವರ್ಷ ಮೊದಲೇ, ಒಂದು ಕಾಲೇಜಿನ ಸಂಘ ವಿದ್ವತ್ ಪತ್ರಿಕೆ ನಡೆಸುತ್ತಿತ್ತು. ಆ ಪತ್ರಿಕೆಯನ್ನು ಮುಂದೆ ಮೈಸೂರು ವಿಶ್ವವಿದ್ಯಾಲಯವೇ ವಹಿಸಿಕೊಂಡಿತು. ಹೊಸಗನ್ನಡದ ವಿದ್ವತ್ತಿಗೆ ನೆಲೆ ಸಿಕ್ಕಿದ್ದರಲ್ಲಿ ಈ ಸಂಘದ ಪಾಲು ದೊಡ್ಡದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಅದೇ ಕಾಲೇಜಿನಲ್ಲಿ ಮುಂದೆ ಪಾಠ ಹೇಳಿದ ಜಿ.ಪಿ. ರಾಜರತ್ನಂ ವಿದ್ಯಾರ್ಥಿಗಳಿಂದ ಬರೆಸಿದರು, ಬರೆದದ್ದನ್ನು ಅಚ್ಚು ಹಾಕಿಸಿದರು, ಪುಸ್ತಕದ ಗಂಟು ಹೊತ್ತು ತಾವೇ ಮಾರಿದರು. ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಹಿಡಿದದ್ದೂ ಇದೇ ದಾರಿ. ಅವರ ಕನ್ನಡ ಸಂಘ ಬೇಂದ್ರೆಯವರ ನೆನಪಿನಲ್ಲಿ ಕಾಲೇಜು ಮಕ್ಕಳಿಗೆ ಕವನ ಸ್ಪರ್ಧೆ ನಡೆಸಿ, ಆಯ್ದ ಕವಿತೆಗಳನ್ನು ಪುಸ್ತಕ ಮಾಡುತ್ತಿತ್ತು. ಇಂದು ಹೆಸರಾದ ಎಷ್ಟೋ ಕವಿಗಳ ಹೆಸರು ಮೊದಲು ಅಚ್ಚಾದದ್ದು ಅಂಥ ತೆಳ್ಳನೆಯ, ಕಡಿಮೆ ಬೆಲೆಯ ಪುಸ್ತಕಗಳಲ್ಲಿ. ಒಬ್ಬ ಮೇಷ್ಟ್ರು, ನಾಲ್ಕಾರು ವಿದ್ಯಾರ್ಥಿಗಳು, ಒಂದು ಬೀರು: ಇಷ್ಟಿದ್ದರೆ ಸಂಘ ನಡೆಯುತ್ತದೆ.

ಹೊಸಹಳ್ಳಿಯವರಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, ಶ್ರೀರಾಮಪುರದಲ್ಲಿ ಬೆಳೆದ ಕವಿ ಸಿದ್ಧಲಿಂಗಯ್ಯನವರು ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳ ಹುಲಿ. ಜೊತೆಗೆ ಗೆಳೆಯ ಡಿ.ಆರ್. ನಾಗರಾಜ್. ಬಡತನದ ಕೇರಿಯಿಂದ ಬಂದ ಹುಡುಗನಿಗೆ ತುಂಬಿದ ಸಭೆಯಲ್ಲಿ ಎದ್ದು ನಿಂತು ವಾದಿಸುವ ಧೈರ್ಯ ಕೊಟ್ಟದ್ದು ಆ ವೇದಿಕೆಗಳು. ಆ ದಿನಗಳ ಸೊಗಸಾದ ನೆನಪುಗಳು ಅವರ ಆತ್ಮಕಥೆ ‘ಊರುಕೇರಿ’ಯಲ್ಲಿವೆ. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂದಾಗ ಅವರಿನ್ನೂ ಇಪ್ಪತ್ತೊಂದರ ಯುವಕ. ಜ್ಞಾನಭಾರತಿಯ ಕನ್ನಡ ಅಧ್ಯಯನ ಕೇಂದ್ರಕ್ಕೆ ಆಗ ಜಿ.ಎಸ್. ಶಿವರುದ್ರಪ್ಪ ನಿರ್ದೇಶಕರು. ಮುಂದೆ ಸಿದ್ಧಲಿಂಗಯ್ಯ ಅದೇ ಕೇಂದ್ರದಲ್ಲಿ ಪ್ರಾಧ್ಯಾಪಕರಾದರು.

ಸಂಘದ ಕೆಲಸ ಎಲ್ಲಿಂದ ಶುರು? ಬಹುಪಾಲು ಕಡೆ ಭಿತ್ತಿಪತ್ರಿಕೆಯಿಂದ. ಮೆಟ್ಟಿಲ ಪಕ್ಕದಲ್ಲಿ ಗಾಜಿನ ಬಾಗಿಲಿನ ಒಂದು ಪೆಟ್ಟಿಗೆ. ಅದರ ಬೀಗದ ಕೈ ಅಟೆಂಡರ್ ಹತ್ತಿರ. ಡ್ರಾಯಿಂಗ್ ಹಾಳೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು, ಅಕ್ಷರ ದುಂಡಗಿರುವವರು ಕವಿತೆ, ಹನಿಗವನ, ಪುಸ್ತಕ ಪರಿಚಯಗಳನ್ನು ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಾರೆ. ಅಂಚಿಗೆ ಚಿತ್ರ ಬರೆಯಲು ಬಿ.ಎಸ್ಸಿ.ಯ ಯಾರೋ ಸಿಗುತ್ತಾರೆ. ಒತ್ತಕ್ಷರ ತಪ್ಪಿದರೆ ಮೇಷ್ಟ್ರು ಕೆಂಪು ಗುರುತು ಹಾಕಿ ಕಳಿಸುತ್ತಾರೆ, ಹಾಳೆ ಮತ್ತೆ ಮೊದಲಿನಿಂದ. ಅಂಟಿಸಿದ ದಿನ ಬರೆದವಳು ಏನೂ ತಿಳಿಯದವಳಂತೆ ಆ ದಾರಿಯಲ್ಲೇ ಮೇಲೆ ಕೆಳಗೆ ಓಡಾಡುತ್ತಾಳೆ, ಯಾರಾದರೂ ನಿಂತು ಓದುತ್ತಿದ್ದಾರೆಯೇ ಎಂದು ನೋಡಲು. ಮೊಬೈಲಿನಲ್ಲಿ ಹಾಕಿದ್ದಕ್ಕೆ ಬೀಳುವ ಲೈಕುಗಳಿಂದ ಈ ಸುಖ ಸಿಗದು. ಇಲ್ಲಿ ಓದುವವರ ಮುಖ ಕಾಣುತ್ತದೆ.

ಆಮೇಲೆ ಭಾವಗೀತೆ, ಆಶುಭಾಷಣ, ಚರ್ಚೆ, ಕವಿಗೋಷ್ಠಿ, ರಸಪ್ರಶ್ನೆ. ಆಶುಭಾಷಣದಲ್ಲಿ ಚೀಟಿ ಎತ್ತಿದ ಮೇಲೆ ಯೋಚಿಸಲು ಸಿಗುವುದು ಒಂದೆರಡು ನಿಮಿಷ. ಭಾವಗೀತೆ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋದಾಗೆಲ್ಲ ನಾನು ಗಮನಿಸಿದ್ದೇನೆ: ಮೊದಲ ವರ್ಷದವರು ಶ್ರುತಿ ತೀರಾ ಮೇಲೆ ಹಿಡಿದು ಚರಣದಲ್ಲಿ ಸಿಕ್ಕಿಬೀಳುತ್ತಾರೆ. ಆಗ ಹಿಂದಿನ ಬೆಂಚಿನಿಂದ ಯಾರೋ ಒಬ್ಬ ಸೀನಿಯರ್ ಪಲ್ಲವಿಯನ್ನು ಮೆಲ್ಲಗೆ ಕೆಳಗಿನ ಶ್ರುತಿಯಲ್ಲಿ ಎತ್ತಿಕೊಡುತ್ತಾನೆ. ಹಾಡು ಮುಂದುವರಿಯುತ್ತದೆ. ನಿಯಮದ ಪ್ರಕಾರ ಅಂಕ ಕಳೆಯಬೇಕು, ಕಳೆಯುತ್ತೇವೆ. ಸಂಘ ಇರುವುದು ಮಾತ್ರ ಆ ಎತ್ತಿಕೊಡುವಿಕೆಗಾಗಿಯೇ ಎಂಬುದು ನನ್ನ ನಂಬಿಕೆ.

ಇಲ್ಲಿ ಪಳಗಿದವರು ಅಂತರ ಕಾಲೇಜು ಯುವಜನೋತ್ಸವಕ್ಕೆ ಹೋಗುತ್ತಾರೆ. ಅಲ್ಲಿ ಕಟ್ಟುನಿಟ್ಟು ಜಾಸ್ತಿ. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ನಿಯಮದಂತೆ ಪ್ರಹಸನಕ್ಕೆ ಆರು ಜನ, ಹತ್ತು ನಿಮಿಷ. ಮೂಕಾಭಿನಯಕ್ಕೆ ಐದು ನಿಮಿಷ. ಏಕಾಂಕ ನಾಟಕಕ್ಕೆ ಅರ್ಧ ಗಂಟೆ. ಹತ್ತು ನಿಮಿಷದ ಪ್ರಹಸನಕ್ಕೆ ವಾರಗಟ್ಟಲೆ ತಾಲೀಮು ನಡೆಯುತ್ತದೆ, ತರಗತಿ ಬಿಟ್ಟ ಮೇಲೆ ಖಾಲಿ ಕೋಣೆಯಲ್ಲಿ, ಬೆಂಚುಗಳನ್ನು ಗೋಡೆಗೆ ಒತ್ತರಿಸಿ. ಕಾಮರ್ಸಿನ ಹುಡುಗ, ಕಂಪ್ಯೂಟರ್ ಸೈನ್ಸಿನ ಹುಡುಗಿ, ಮನೆಯಲ್ಲಿ ತಮಿಳೋ ತೆಲುಗೋ ಉರ್ದುವೋ ಆಡುವವರು ಒಟ್ಟಿಗೆ ಕನ್ನಡದ ಮಾತು ಬಾಯಿಪಾಠ ಮಾಡುವುದು ಅಲ್ಲಿ. ಪಶ್ಚಿಮ ಬೆಂಗಳೂರಿನಂಥ ಹಲವು ಭಾಷೆಗಳ ಊರಿಗೆ ಇದಕ್ಕಿಂತ ಒಳ್ಳೆಯ ಕನ್ನಡ ಪಾಠ ಯಾವುದೂ ಇಲ್ಲ.

ಅದೇ ಬೋರ್ಡಿನಲ್ಲಿ ಎನ್‌ಎಸ್‌ಎಸ್‌ನ ಚೀಟಿಯೂ ಇರುತ್ತದೆ. ಎರಡು ವರ್ಷದಲ್ಲಿ 240 ಗಂಟೆಗಳ ಸೇವೆ, ಏಳು ದಿನದ ಶಿಬಿರ, ಹಗಲು ಶ್ರಮದಾನ, ರಾತ್ರಿ ಹಳ್ಳಿಯವರ ಮುಂದೆ ಹಾಡು ಕುಣಿತ. ಗಾಂಧೀಜಿಯವರ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ಇದನ್ನು 37 ವಿಶ್ವವಿದ್ಯಾಲಯಗಳಲ್ಲಿ ಆರಂಭಿಸಿದವರು ಅಂದಿನ ಕೇಂದ್ರ ಶಿಕ್ಷಣ ಸಚಿವ, ಬಳ್ಳಾರಿಯ ಸಂಸದ ವಿ.ಕೆ.ಆರ್.ವಿ. ರಾವ್. ಅವರೇ 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇರುವುದು ನಮ್ಮ ನಾಗರಬಾವಿಯಲ್ಲೇ. ಕನ್ನಡ ಸಂಘಕ್ಕೂ ಎನ್‌ಎಸ್‌ಎಸ್‌ಗೂ ಹೆಸರು ಕೊಟ್ಟರೆ ಯಾರೂ ಬೇಡವೆನ್ನುವುದಿಲ್ಲ.

ಈಗ ಸಂಘಗಳಿಗೆ ಕಷ್ಟದ ಕಾಲ. ಸೆಮಿಸ್ಟರ್ ಬಂದ ಮೇಲೆ ಆರು ತಿಂಗಳೊಳಗೆ ಪಾಠ, ಆಂತರಿಕ ಪರೀಕ್ಷೆ, ಅಸೈನ್‌ಮೆಂಟು, ಪರೀಕ್ಷೆ ಎಲ್ಲ ಮುಗಿಯಬೇಕು. ತಾಲೀಮಿಗೆ ಉಳಿಯುವ ದಿನ ಕಡಿಮೆ. ಲಕ್ಷಗಟ್ಟಲೆ ಖರ್ಚಿನ ಫೆಸ್ಟುಗಳಲ್ಲಿ ಹೊರಗಿನಿಂದ ಬಂದ ಡಿಜೆ ಕುಣಿಸುತ್ತಾನೆ, ಮಕ್ಕಳು ಪ್ರೇಕ್ಷಕರಾಗುತ್ತಾರೆ. ಫೆಸ್ಟು ಬೇಡವೆಂದಲ್ಲ. ಆ ಹಣದ ಒಂದು ಸಣ್ಣ ಪಾಲು ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಸಂದರೆ ಮೂವತ್ತು ನಲವತ್ತು ಮಕ್ಕಳ ಹೆಸರು ಮೊದಲ ಬಾರಿಗೆ ಅಚ್ಚಾಗುತ್ತದೆ. ಪ್ರಾಂಶುಪಾಲರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಶನಿವಾರ ಮಧ್ಯಾಹ್ನದ ಒಂದು ಗಂಟೆಯನ್ನು ವೇಳಾಪಟ್ಟಿಯಲ್ಲೇ ಸಂಘಕ್ಕೆ ಬಿಟ್ಟುಕೊಡಿ, ತಾಲೀಮಿಗೆ ಒಂದು ಕೋಣೆ ಕೊಡಿ.

ಇನ್ನು ಹೊಸದಾಗಿ ಕಾಲೇಜಿಗೆ ಸೇರಿದ ನಿನಗೆ: ಹಾಡಲು ಬರುವುದಿಲ್ಲ, ಬರೆದು ಗೊತ್ತಿಲ್ಲ ಎಂದು ಹಿಂಜರಿಯಬೇಡ. ಕುರ್ಚಿ ಹಾಕುವವರು, ಮೈಕು ನೋಡಿಕೊಳ್ಳುವವರು, ದುಂಡಗೆ ಬರೆಯುವವರು, ಕೂತು ಕೇಳುವವರು ಎಲ್ಲರೂ ಸಂಘಕ್ಕೆ ಬೇಕು. ನವೆಂಬರ್ ಬರುವವರೆಗೆ ಕಾಯದೆ ಈ ವಾರವೇ ಕನ್ನಡ ವಿಭಾಗಕ್ಕೆ ಹೋಗಿ ಹೆಸರು ಬರೆಸು. ನಿನ್ನ ಕಾಲೇಜಿನಲ್ಲಿ ಸಂಘವೇ ಇಲ್ಲವೆಂದಾದರೆ ನಾಲ್ವರು ಗೆಳೆಯರನ್ನು ಕೂಡಿಸಿಕೊಂಡು ಕನ್ನಡ ಮೇಷ್ಟ್ರನ್ನು ಕೇಳು; ಅವರು ಇಲ್ಲವೆನ್ನಲಾರರು.