ಹೆಸರು ಊರೂರಿಗೆ, ಕಿತ್ತೂರು ಅಲ್ಲೇ

ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಕಿತ್ತೂರಿಗೆ ಹೋಗಲ್ಲ. ಬೆಂಗಳೂರಲ್ಲಿ ರಾತ್ರಿ ಹತ್ತಿ ಮಲಗಿದವರಿಗೆ ಇದು ಗೊತ್ತೇ ಆಗಲ್ಲ ಬಿಡಿ. ಧಾರವಾಡ ಬಿಟ್ಟ ಮೇಲೆ ಆ ರೈಲು ಅಳ್ನಾವರ, ಲೋಂಡಾ, ಖಾನಾಪುರ ಅಂತ ಕಾಡಿನ ಕಡೆ ಸುತ್ತು ಹಾಕಿ ಬೆಳಗಾವಿ ಸೇರುತ್ತೆ. ಕಿತ್ತೂರು ಇರೋದು ಧಾರವಾಡ ಮತ್ತು ಬೆಳಗಾವಿಯ ನಡುವಿನ ನೇರ ದಾರಿಯಲ್ಲಿ. ಅಲ್ಲಿ ಹಳಿಯೇ ಇಲ್ಲ.

ಇದನ್ನು ತಮಾಷೆಗೆ ಹೇಳ್ತಿಲ್ಲ ವೀಕ್ಷಕರೇ. ಚನ್ನಮ್ಮನ ಹೆಸರಿನ ವೃತ್ತ ಹುಬ್ಬಳ್ಳಿಯಲ್ಲಿದೆ, ಬೆಳಗಾವಿಯಲ್ಲಿದೆ. 2010ರಲ್ಲಿ ಶುರುವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇರೋದು ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯಲ್ಲಿ. 2007ರಲ್ಲಿ ಸಂಸತ್ ಭವನದ ಆವರಣದಲ್ಲಿ ರಾಣಿಯ ಪ್ರತಿಮೆ ನಿಂತಿತು. 2021ರಲ್ಲಿ ಮುಂಬೈ ಕರ್ನಾಟಕ ಅನ್ನೋ ಹೆಸರು ತೆಗೆದು ಇಡೀ ಪ್ರಾಂತಕ್ಕೇ ಕಿತ್ತೂರು ಕರ್ನಾಟಕ ಎಂದು ಹೆಸರಿಟ್ಟರು. ಏಳು ಜಿಲ್ಲೆಗೆ ಹೆಸರು ಕೊಟ್ಟ ಊರು ಸ್ವತಃ ಒಂದು ಪಟ್ಟಣ ಪಂಚಾಯಿತಿ. ತಾಲೂಕು ಅಂತ ಆಗಿದ್ದೂ 2010ರ ಈಚೆಗೆ. ಅಲ್ಲಿಯವರೆಗೆ ಕಿತ್ತೂರಿನ ರೈತ ಒಂದು ಉತಾರ ಬೇಕೆಂದರೂ ಬೈಲಹೊಂಗಲದ ದಾರಿ ಹಿಡಿಯಬೇಕಿತ್ತು. ಉಪವಿಭಾಗಾಧಿಕಾರಿ ಕಚೇರಿ ಇವತ್ತಿಗೂ ಬೈಲಹೊಂಗಲದಲ್ಲೇ. ಕಿತ್ತೂರು, ಸವದತ್ತಿ, ರಾಮದುರ್ಗದವರೆಲ್ಲ ಅಲ್ಲಿಗೇ ಬರಬೇಕು.

ಒಂದು ರಾಜಧಾನಿ ಹೀಗೆ ಪಕ್ಕದೂರಿನ ಹೊರವಲಯದಂತೆ ಬದುಕಬೇಕಾದ ಸ್ಥಿತಿಗೆ ಹೇಗೆ ಬಂತು?

ಕಿತ್ತೂರಿಗೆ ಹೋದವರೆಲ್ಲ ನೋಡಿ ಬರೋದು ಕೋಟೆ. ಹೆದ್ದಾರಿಯಿಂದ ಇಳಿದು, ಕುದುರೆ ಏರಿದ ಚನ್ನಮ್ಮನ ಪ್ರತಿಮೆ ಹತ್ತಿರ ಒಂದು ಸೆಲ್ಫಿ, ಆಮೇಲೆ ಅರಮನೆಯ ಅವಶೇಷ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ನನ್ನ ಕಣ್ಣು ಮೊದಲು ಹೋಗೋದು ಗೋಡೆಯ ದಪ್ಪದ ಕಡೆ, ಸ್ನಾನದ ಕೋಣೆಯ ನೀರು ಹೊರಗೆ ಹೋಗುವ ದಾರಿಯ ಕಡೆ. ಧ್ರುವ ನಕ್ಷತ್ರ ನೋಡಲು ಗೋಡೆಯಲ್ಲಿ ಬಿಟ್ಟ ಕಿಂಡಿಯನ್ನು ಗೈಡ್‌ಗಳು ತಪ್ಪದೆ ತೋರಿಸ್ತಾರೆ. ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಅರಮನೆಯ ಕೆತ್ತನೆಯ ಬಾಗಿಲು, ಕಿಟಕಿ, ಕತ್ತಿಗಳಿವೆ. ಒಂದು ಗಂಟೆಯಲ್ಲಿ ಎಲ್ಲ ಮುಗಿಯುತ್ತೆ, ಕಾರು ಹೊರಡುತ್ತೆ. ಅರಮನೆಯೊಳಗೆ ಇದ್ದದ್ದು ಅರಸರು ಮತ್ತು ಅವರ ಪರಿವಾರ. ಊರು ಇದ್ದದ್ದು ಹೊರಗೆ, ಪೇಟೆಯಲ್ಲಿ. ಅದನ್ನು ಯಾರೂ ನೋಡೋದಿಲ್ಲ.

ನಮ್ಮ ಹಳೇ ಪಟ್ಟಣಗಳಿಗೆಲ್ಲ ಎರಡು ಭಾಗ: ಕೋಟೆ ಮತ್ತು ಪೇಟೆ. ಅಧಿಕಾರ ಕೋಟೆಯಲ್ಲಿ, ದುಡಿಮೆ ಪೇಟೆಯಲ್ಲಿ. ಈಗ ನಾವು ಉಪನಗರ ಅಂತೀವಲ್ಲ, ಪೇಟೆ ಆ ಕಾಲದ ಉಪನಗರ. ಬೆಂಗಳೂರಿನಲ್ಲೂ ಹಾಗೇ ಇತ್ತು. ಅಲ್ಲಿ ಕೋಟೆ ಬಹುಪಾಲು ಹೋಯಿತು, ಚಿಕ್ಕಪೇಟೆ, ಬಳೇಪೇಟೆ ಉಳಿದವು, ಬೆಳೆದವು. ಕಿತ್ತೂರಿನಲ್ಲಿ ಕೋಟೆ ಪಾಳು ಬಿದ್ದ ಮೇಲೆ ಪೇಟೆಗೂ ಗ್ರಹಣ ಹಿಡಿಯಿತು. ಈ ವ್ಯತ್ಯಾಸ ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಕಿತ್ತೂರು ದೇಸಾಯರ ಮನೆತನ 16ನೇ ಶತಮಾನದ ಕೊನೆಯಲ್ಲಿ, ವಿಜಾಪುರದ ಆದಿಲಶಾಹಿ ಕಾಲದಲ್ಲಿ, ಮೊದಲು ನೆಲೆ ನಿಂತದ್ದು ಸಂಪಗಾವಿಯಲ್ಲಿ. ಈಗ ಅದು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. 17ನೇ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ಕಿತ್ತೂರಿನಲ್ಲಿ ಕೋಟೆ ಕಟ್ಟಿಸಿ ರಾಜಧಾನಿಯನ್ನು ಅಲ್ಲಿಗೆ ತಂದ. ಜಾಗ ಆರಿಸಿದವನ ಲೆಕ್ಕಾಚಾರ ಮೆಚ್ಚಬೇಕು ರೀ. ಪಶ್ಚಿಮಕ್ಕೆ ಖಾನಾಪುರದ ಕಾಡು, ಅಂದರೆ ಸಾಗವಾನಿ, ಬಿದಿರು, ಭತ್ತ. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿ ಕಡೆಯ ಎರಿ ಹೊಲ, ಅಂದರೆ ಜೋಳ, ಹತ್ತಿ, ಕಡಲೆ. ಮಲೆನಾಡಿನ ಸೆರಗು ಮುಗಿದು ಬಯಲು ಶುರುವಾಗೋ ಗೆರೆಯ ಮೇಲೆ ಊರು ಕೂತಿದೆ. ಆ ಕಡೆಯವನಿಗೂ ಈ ಕಡೆಯವನಿಗೂ ವ್ಯಾಪಾರಕ್ಕೆ ನಡುವೆ ಒಂದು ಪೇಟೆ ಬೇಕೇ ಬೇಕಿತ್ತು. 1782ರಿಂದ ಆಳಿದ ಮಲ್ಲಸರ್ಜನ ಕಾಲಕ್ಕೆ ಸಂಸ್ಥಾನ ಒಳ್ಳೇ ಸ್ಥಿತಿಯಲ್ಲಿತ್ತು. ಟಿಪ್ಪುವಿನ ಸೆರೆ, ಆಮೇಲೆ ಪೇಶ್ವೆಯ ಸೆರೆ ಎರಡನ್ನೂ ಕಂಡ ಮಲ್ಲಸರ್ಜ 1816ರಲ್ಲಿ ತೀರಿಕೊಂಡ.

1824ರ ಸೆಪ್ಟೆಂಬರಿನಲ್ಲಿ ಅವನ ಮಗ ಶಿವಲಿಂಗರುದ್ರಸರ್ಜನೂ ತೀರಿಹೋದ. ದತ್ತು ಮಗನನ್ನು ಕಂಪನಿ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಬಂದು ಖಜಾನೆಗೆ ಸೀಲು ಹಾಕಲು ನೋಡಿದ. ಅಕ್ಟೋಬರ್ 23ರಂದು ಕೋಟೆ ಬಾಗಿಲಿಂದ ನುಗ್ಗಿದ ಕಿತ್ತೂರಿನ ಪಡೆಯ ಎದುರು ಥ್ಯಾಕರೆ ಸತ್ತ. ಅಮಟೂರು ಬಾಳಪ್ಪನ ಗುಂಡು ಅದು. (ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಗೆ ಈತ ಚಿಕ್ಕಪ್ಪ ಆಗಬೇಕು.) ಡಿಸೆಂಬರ್ ಮೊದಲ ವಾರ ಕಂಪನಿ ದೊಡ್ಡ ಸೈನ್ಯ ತಂದಿತು, ಕೋಟೆ ಬಿತ್ತು. ಈ ಕಥೆ ನಮಗೆಲ್ಲ ಬಾಯಿಪಾಠ. 1961ರಲ್ಲಿ ಬಿ.ಆರ್. ಪಂತುಲು ಸಿನಿಮಾ ಮಾಡಿದರು, ಬಿ. ಸರೋಜಾದೇವಿ ರಾಣಿಯಾದರು. ನಮ್ಮಲ್ಲಿ ಬಹಳ ಜನರ ತಲೆಯಲ್ಲಿರುವ ಕಿತ್ತೂರು ಆ ಸಿನಿಮಾದ ಸೆಟ್ಟೇ. ಸಿನಿಮಾ ಮುಗಿದ ಮೇಲೆ ಊರಿಗೆ ಏನಾಯಿತು ಅನ್ನೋದು ಯಾವ ರೀಲಿನಲ್ಲೂ ಇಲ್ಲ.

ಅರಸೊತ್ತಿಗೆ ಹೋಯಿತು, ಅದರ ಜೊತೆ ಪೇಟೆಯ ದೊಡ್ಡ ಗಿರಾಕಿಯೂ ಹೋದ. ಅರಮನೆ ಇದ್ದಾಗ ಅಲ್ಲಿಗೆ ಅಕ್ಕಿ ಬೇಕು, ಜೀನು ಬೇಕು, ಕತ್ತಿ ಹದ ಮಾಡೋನು ಬೇಕು, ಸೀರೆ ನೇಯೋನು ಬೇಕು, ಬಂಗಾರದ ಕೆಲಸದವನು ಬೇಕು. ಸಂಬಳ ಪಡೆದ ಸಿಪಾಯಿ ಸಂಜೆ ಪೇಟೆಗೆ ಬಂದು ಖರ್ಚು ಮಾಡ್ತಿದ್ದ. ಅದೆಲ್ಲ ಒಂದೇ ಚಳಿಗಾಲದಲ್ಲಿ ನಿಂತುಹೋಯಿತು. ಕಂಪನಿ ಸರಕಾರ ತನ್ನ ಕಚೇರಿಗಳನ್ನು ಕಿತ್ತೂರಿನಲ್ಲಿ ಇಡಲಿಲ್ಲ. ತಾಲೂಕಿಗೆ ಸಂಪಗಾವಿ ಅಂತ ಹೆಸರು, ಕಚೇರಿ ಮಾತ್ರ ಬೈಲಹೊಂಗಲದಲ್ಲಿ. ಬಯಲಿನ ಹತ್ತಿ ಬಂದು ಬೀಳುವ ಬೈಲಹೊಂಗಲಕ್ಕೆ ಕಚೇರಿಯೂ ಸೇರಿತು, ಕೋರ್ಟೂ ಸೇರಿತು. ಸವದತ್ತಿಯದೂ ಹೆಚ್ಚುಕಡಿಮೆ ಇದೇ ಕಥೆ. ಗುಡ್ಡದ ಮೇಲಿನ ಕೋಟೆಯಿಂದ ತಾಲೂಕಿಗೆ ಪರಸಗಡ ಎಂದು ಹೆಸರು, ಕಚೇರಿ ಕೆಳಗೆ ಸವದತ್ತಿ ಪೇಟೆಯಲ್ಲಿ. ಆದರೆ ಸವದತ್ತಿಗೆ ಎಲ್ಲಮ್ಮನ ಗುಡ್ಡವಿದೆ. ಅರಸ ಇರಲಿ ಬಿಡಲಿ, ಹುಣ್ಣಿಮೆ ಬಂತೆಂದರೆ ಜನ ಬರ್ತಾರೆ, ಪೇಟೆ ನಡೆಯುತ್ತೆ.

ರಾಮದುರ್ಗವನ್ನು ಇದರ ಪಕ್ಕ ಇಟ್ಟು ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ಅಲ್ಲಿನ ಭಾವೆ ಮನೆತನದ ಇನ್ನೊಂದು ಶಾಖೆ ನರಗುಂದದಲ್ಲಿತ್ತು. 1858ರಲ್ಲಿ ನರಗುಂದದ ಬಾಬಾಸಾಹೇಬ ಬಂಡೆದ್ದ, ಸುರೇಬಾನದಲ್ಲಿ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್ ಹತನಾದ, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು, ಸಂಸ್ಥಾನ ಮುಗಿಯಿತು. ರಾಮದುರ್ಗದವರು ಬಂಡಾಯಕ್ಕೆ ಸೇರಲಿಲ್ಲ. ಅವರ ಸಂಸ್ಥಾನ 1948ರವರೆಗೆ ಉಳಿಯಿತು, ಅರಮನೆ ಉಳಿಯಿತು, ಕಚೇರಿಗಳು ಉಳಿದವು, ವಿಲೀನವಾದ ಮೇಲೂ ಅದೇ ಊರು ತಾಲೂಕು ಕೇಂದ್ರ. ಅಲ್ಲಿನ ಪ್ರಜೆಗಳೇನೂ ಸುಮ್ಮನೆ ಇರಲಿಲ್ಲ ಅನ್ನಿ. 1939ರಲ್ಲಿ ರಾಮದುರ್ಗದ ಪ್ರಜಾ ಹೋರಾಟ ದೇಶವೆಲ್ಲ ಸುದ್ದಿಯಾಗಿತ್ತು. ಆದರೂ ಊರಿನ ಲೆಕ್ಕದಲ್ಲಿ ಹೇಳೋದಾದರೆ, ಹೊಂದಿಕೊಂಡ ಅರಸನ ಪೇಟೆಗೆ ಸಿಕ್ಕದ್ದು ಕಾದಿದ ರಾಣಿಯ ಪೇಟೆಗೆ ಸಿಗಲಿಲ್ಲ.

ಕಿತ್ತೂರಿಗೆ ಸಮಾಧಿಗಳೂ ಉಳಿಯಲಿಲ್ಲ ನೋಡಿ. ಚನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡದ್ದು ಬೈಲಹೊಂಗಲದಲ್ಲಿ, ಸಮಾಧಿ ಅಲ್ಲೇ ಊರೊಳಗೆ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ್ದು ನಂದಗಡದಲ್ಲಿ, ಸಮಾಧಿಯೂ ಅಲ್ಲೇ. ಥ್ಯಾಕರೆಯ ಸ್ಮಾರಕ ಧಾರವಾಡದಲ್ಲಿ. ಕಿತ್ತೂರಿನಲ್ಲಿ ಉಳಿದದ್ದು ಪಾಳು ಅರಮನೆ, ಅರಸರ ರಾಜಗುರುಗಳ ಕಲ್ಮಠ, ಮತ್ತು ಪೇಟೆ.

ಆ ಪೇಟೆಯ ಓಣಿಗಳಲ್ಲಿ ಒಮ್ಮೆ ನಡೆಯಬೇಕು. ಮುಂದೆ ಕಟ್ಟಿ, ಕಟ್ಟಿಯ ಮೇಲೆ ಕಟ್ಟಿಗೆ ಕಂಬದ ಪಡಸಾಲೆ, ಒಳಗೆ ಕತ್ತಲು ಕತ್ತಲಾದ ತಂಪು ಮನೆ, ಹಿಂದೆ ಹಿತ್ತಲು. ದಪ್ಪ ಮಣ್ಣಿನ ಗೋಡೆ, ಮೇಲೆ ಮಾಳಿಗೆ. ಮೇ ತಿಂಗಳಲ್ಲಿ ಇಂಥ ಮನೆಯೊಳಗೆ ಫ್ಯಾನ್ ಇಲ್ಲದೆ ಮಲಗಬಹುದು. ದಪ್ಪ ಗೋಡೆಗೆ ಹಗಲಿನ ಬಿಸಿ ಒಳಗೆ ಮುಟ್ಟಿಸಲು ಹೊತ್ತು ಬೇಕು, ಅಷ್ಟರಲ್ಲಿ ರಾತ್ರಿಯಾಗಿರುತ್ತೆ. ನಾವು ಕಾಲೇಜಿನಲ್ಲಿ ಇದನ್ನು ಸೂತ್ರ ಹಾಕಿ ಕಲಿತೆವು, ಇವರು ಸೂತ್ರವಿಲ್ಲದೆ ಕಟ್ಟಿದರು. ಸುತ್ತಲಿನ ಊರುಗಳ ಹಳೇ ವಾಡೆಗಳಲ್ಲಿ ‘ಈ ತೊಲಿ ಕಿತ್ತೂರ ಅರಮನೀದು’ ಎಂದು ತೋರಿಸುವವರು ಇವತ್ತಿಗೂ ಸಿಗ್ತಾರೆ. ಅದನ್ನು ನಂಬಬೇಕೋ ಬೇಡವೋ ನಿಮಗೆ ಬಿಟ್ಟಿದ್ದು. ಹಾಗೆ ಹೇಳಿಕೊಳ್ಳುವ ಹೆಮ್ಮೆಯಂತೂ ನಿಜ.

ಒಬ್ಬ ಕಿರಾಣಿ ಅಂಗಡಿಯ ಯಜಮಾನರನ್ನು ‘ಉತ್ಸವದಾಗ ವ್ಯಾಪಾರ ಹೆಂಗ ಕಾಕಾ?’ ಅಂತ ಕೇಳಿದೆ. ‘ಮೂರು ದಿನ ರೀ. ಅದೂ ಕೋಟಿ ಕಡೆ. ಈ ಓಣಿಗೆ ಯಾರ ಬರ್ತಾರ್ರೀ?’ ಅಂದರು. ಅಕ್ಟೋಬರ್ 23ರಿಂದ 25, ಕಿತ್ತೂರು ಉತ್ಸವ. ಆ ಮೂರು ದಿನ ನಮ್ಮ ಕ್ಯಾಮೆರಾಗಳೂ ಅಲ್ಲೇ ಇರ್ತವೆ, ವೇದಿಕೆ ಕಡೆ ಮುಖ ಮಾಡಿ.

ಕೆಲ ವರ್ಷಗಳ ಹಿಂದೆ ಅರಮನೆಯ ಪ್ರತಿರೂಪ ಕಟ್ಟೋಣ ಅಂತ ಸರಕಾರ 115 ಕೋಟಿ ರೂಪಾಯಿಯ ಯೋಜನೆ ಹಾಕಿತು. ಜಾಗ ನೋಡಿದ್ದು ಕಿತ್ತೂರಿನಲ್ಲಲ್ಲ, ಹೊರಗಿನ ಬಚ್ಚನಕೇರಿಯಲ್ಲಿ. ಊರಿನವರು ಸಿಟ್ಟಿಗೆದ್ದರು, 2022ರ ಹೊತ್ತಿಗೆ ಬೀದಿಗಿಳಿದರು. ಬೆಂಗಳೂರಿನಲ್ಲಿ ಕೂತವರಿಗೆ ಇದು ಸಣ್ಣ ಊರಿನ ಸಣ್ಣ ಜಗಳದಂತೆ ಕಂಡಿರಬಹುದು. ಮೇಲೆ ಹೇಳಿದ್ದನ್ನೆಲ್ಲ ಓದಿದ ನಿಮಗೆ ಹಾಗೆ ಕಾಣಲಾರದು. ವಿಶ್ವವಿದ್ಯಾಲಯ ಬೇರೆ ಕಡೆ, ರೈಲು ಬೇರೆ ದಾರಿ, ಸಮಾಧಿ ಬೇರೆ ಊರು. ಕೊನೆಗೆ ಅರಮನೆಯ ನಕಲೂ ಹೊರಗೇ ಅಂದರೆ ಯಾರಿಗಾದರೂ ಸಿಟ್ಟು ಬರುತ್ತೆ. ನನ್ನ ಅಭಿಪ್ರಾಯ ಕೇಳಿದರೆ, ನಕಲು ಅರಮನೆ ಎಲ್ಲಿ ಕಟ್ಟಬೇಕು ಅನ್ನೋದಕ್ಕಿಂತ ಮೊದಲು ಅಸಲಿ ಪೇಟೆಗೆ ಎಷ್ಟು ಕೊಡ್ತೀರಿ ಅಂತ ಕೇಳಬೇಕು. ಆ ದುಡ್ಡಿನ ಒಂದು ಪಾಲಿನಲ್ಲಿ ಓಣಿಗಳ ಚರಂಡಿ ಮುಚ್ಚಬಹುದು, ಬೀಳುತ್ತಿರುವ ಪಡಸಾಲೆಗಳನ್ನು ನಿಲ್ಲಿಸಬಹುದು, ಕೋಟೆ ನೋಡಿ ಬಂದವನು ಪೇಟೆಯಲ್ಲಿ ಊಟ ಮಾಡಿ ಹೋಗುವಂತೆ ಒಂದು ನಡಿಗೆ ದಾರಿ ಮಾಡಬಹುದು.

ತಡ ಮಾಡುವಂತೆಯೂ ಇಲ್ಲ. ಹೆದ್ದಾರಿ ಅಗಲವಾದ ಮೇಲೆ ಧಾರವಾಡ ಈಗ ಸುಮಾರು ಅರ್ಧ ಗಂಟೆ, ಬೆಳಗಾವಿ ಒಂದು ಗಂಟೆ. ಬೇಲೂರು, ಮುಮ್ಮಿಗಟ್ಟಿಯ ಕೈಗಾರಿಕಾ ಪ್ರದೇಶ ಕಿತ್ತೂರಿನಿಂದ ಧಾರವಾಡಕ್ಕೆ ಹೋಗುವ ದಾರಿಯಲ್ಲೇ ಇದೆ. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೋಗಿ ಸಂಜೆ ಬರುವ ಊರಾಗಲು ಇನ್ನೇನು ಬೇಕು? ಇದರ ಮೇಲೆ ರೈಲು. ಧಾರವಾಡ–ಬೆಳಗಾವಿ ನೇರ ಮಾರ್ಗ, ಕಿತ್ತೂರಿನ ಮೇಲೆ, 73 ಕಿಲೋಮೀಟರ್. 2020ರಲ್ಲಿ ಒಪ್ಪಿಗೆ ಸಿಕ್ಕಾಗಿನ ಅಂದಾಜು ವೆಚ್ಚ 927 ಕೋಟಿ. ಈಗಿರುವ ಲೋಂಡಾ ಸುತ್ತು 121 ಕಿಲೋಮೀಟರ್. ಲೆಕ್ಕ ಹಾಕಿ, 48 ಕಿಲೋಮೀಟರ್ ಉಳಿತಾಯ, ಘಟ್ಟದ ಅಂಚಿನ ಏರುಪೇರೂ ತಪ್ಪುತ್ತೆ. ಬೆಳಗಾವಿ ಕಡೆಯ ರೈತರು ಫಲವತ್ತಾದ ಭೂಮಿ ಹೋಗುತ್ತೆಂದು ತಕರಾರು ಎತ್ತಿದ್ದಾರೆ. ಅವರ ಮಾತನ್ನು ಅಭಿವೃದ್ಧಿ ವಿರೋಧ ಅಂತ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಮಾರ್ಗವನ್ನು ಸ್ವಲ್ಪ ಸರಿಸಿ ಹಾಕಲು ಸಾಧ್ಯವೇ ಅನ್ನೋದು ಸರ್ವೇಯವರು ಉತ್ತರಿಸಬೇಕಾದ ಪ್ರಶ್ನೆ.

ಕಿತ್ತೂರಿನವರು ಕೇಳಬೇಕಾದ ಪ್ರಶ್ನೆ ಬೇರೆ: ನಿಲ್ದಾಣ ಎಲ್ಲಿ? ನಿಲ್ದಾಣ ಊರಿಂದ ದೂರ ಹೋದರೆ ಹೊಸ ಅಂಗಡಿ, ಹೊಸ ಲೇಔಟ್, ಹೊಸ ಬಸ್ ನಿಲ್ದಾಣ ಎಲ್ಲ ಅದರ ಬೆನ್ನು ಹತ್ತಿ ಹೋಗ್ತವೆ. ಆಗ ಧಾರವಾಡದ ಉಪನಗರ ಅಂತ ಬೆಳೆಯೋದು ಯಾವುದೋ ಹೊಲದ ನಡುವಿನ ಹೊಸ ಕಾಲೊನಿ. ಪೇಟೆ ಎರಡನೇ ಸಲ ಖಾಲಿಯಾಗುತ್ತೆ. ಪೇಟೆಗೆ ನಡೆದು ಹೋಗುವಷ್ಟು ಹತ್ತಿರ ಬಂದರೆ, ಇನ್ನೂರು ವರ್ಷದ ಮೇಲೆ ಆ ಓಣಿಗಳಿಗೆ ಮತ್ತೆ ಹೊರಗಿನ ಗಿರಾಕಿ ಬರ್ತಾನೆ. ನಕ್ಷೆಯಲ್ಲಿ ಅದು ಒಂದೋ ಎರಡೋ ಕಿಲೋಮೀಟರಿನ ವ್ಯತ್ಯಾಸ ಅಷ್ಟೇ. ಆ ನಕ್ಷೆಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಪಟ್ಟಣ ಪಂಚಾಯಿತಿ ಮುಂದೆ ಅಂಟಿಸಿ, ಪೇಟೆಯವರೂ ಒಮ್ಮೆ ನೋಡಲಿ.