ಮಗಳು ಮಿಲಿಟರಿ ನರ್ಸ್ ಆಗ್ತೀನಂದ್ರ...

‘ಅವ್ವಾ, ನಾ ಮಿಲಿಟರಿ ನರ್ಸ್ ಆಗ್ತೀನಿ’ ಎಂದು ಪಿಯುಸಿ ಓದುವ ಮಗಳು ಹೇಳಿದಳು ಅನ್ನಿ. ಶಹಾಬಾದದಂಥ ಊರಿನ ಮನೆಯಲ್ಲಿ ಮೊದಲು ಏನಾಗುತ್ತದೆ? ‘ಹೆಣ್ಣು ಹುಡುಗಿ ಗುಂಡು ಹಾರೋ ಕಡಿ ಹೋಗಿ ಏನ್ ಮಾಡ್ತದ?’ ಅಂತ ಅಜ್ಜಿ. ‘ಮಿಲಿಟರ್ಯಾಗ ಹೋದ್ರ ಲಗ್ನ ಯಾರ್ ಮಾಡ್ಕೋತಾರ?’ ಅಂತ ಕಾಕಾ. ‘ಇಲ್ಲೇ ಕಲಬುರ್ಗ್ಯಾಗ ಡಿಗ್ರಿ ಮಾಡ್ಲಿ ಬಿಡು’ ಅಂತ ಅಪ್ಪ. ಅವ್ವನಿಗೆ ಮಾತ್ರ ಏನು ಹೇಳಬೇಕೋ ತಿಳಿಯದು. ಹಾಗಾಗಿ ಈ ವಾರದ ಮಾತು ಮುಖ್ಯವಾಗಿ ಅವ್ವಂದಿರ ಜೊತೆ.

ಮೊದಲು ಅಜ್ಜಿಯ ಭಯಕ್ಕೆ ಉತ್ತರ. ಮಿಲಿಟರಿ ನರ್ಸ್ ಕೆಲಸ ಮಾಡುವುದು ಸೈನ್ಯದ ಆಸ್ಪತ್ರೆಗಳಲ್ಲಿ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ಕಮಾಂಡ್ ಆಸ್ಪತ್ರೆ ಅಂಥದ್ದೊಂದು. ಕಾರವಾರದಲ್ಲಿ ನೌಕಾಪಡೆಯ ‘ಪತಂಜಲಿ’ ಆಸ್ಪತ್ರೆ ಇದೆ. 2020ರಲ್ಲಿ ಕೊರೊನಾ ಬಂದಾಗ ಉತ್ತರ ಕನ್ನಡ ಜಿಲ್ಲೆಯ ಮೊದಮೊದಲ ರೋಗಿಗಳಿಗೆ ಚಿಕಿತ್ಸೆ ಸಿಕ್ಕಿದ್ದು ಅಲ್ಲೇ. ಈ ಆಸ್ಪತ್ರೆಗಳಲ್ಲಿ ಗಾಯಗೊಂಡ ಯೋಧರಷ್ಟೇ ಇರುತ್ತಾರೆ ಎಂದುಕೊಳ್ಳಬೇಡಿ. ಅವರ ಹೆಂಡಂದಿರು, ಮಕ್ಕಳು, ನಿವೃತ್ತರು ಎಲ್ಲರೂ ಬರುತ್ತಾರೆ. ಹೆರಿಗೆ ವಾರ್ಡೂ ಇರುತ್ತದೆ. ಹಾಗಂತ ಲೇಹ್, ಶ್ರೀನಗರಕ್ಕೆ ವರ್ಗವೇ ಆಗದು ಎಂದು ಸುಳ್ಳು ಹೇಳಲಾರೆ. ಅಲ್ಲೂ ಸೇನೆಯ ಆಸ್ಪತ್ರೆಗಳಿವೆ, ಅಲ್ಲಿಗೂ ನರ್ಸ್‌ಗಳು ಬೇಕು.

ಇದು ಹೊಸ ವೃತ್ತಿಯೂ ಅಲ್ಲ. 1888ರಲ್ಲಿ ಬ್ರಿಟನ್ನಿನಿಂದ ಹತ್ತು ಜನ ನರ್ಸ್‌ಗಳು ಮುಂಬೈಗೆ ಬಂದಿಳಿದಾಗ ಈ ಸೇವೆ ಆರಂಭವಾಯಿತು. 1926ರಲ್ಲಿ ಭಾರತೀಯ ನರ್ಸ್‌ಗಳಿಗೆ ಕಾಯಂ ಸೇವೆ ಎಂದಾಯಿತು. 1943ರ ಸುಗ್ರೀವಾಜ್ಞೆ ಅವರನ್ನು ಅಧಿಕಾರಿಗಳನ್ನಾಗಿ ಮಾಡಿತು. ನಮ್ಮ ಸೇನೆಯಲ್ಲಿ ಮೊದಲ ಬಾರಿಗೆ ಮೇಜರ್ ಜನರಲ್ ಹುದ್ದೆಗೇರಿದ ಹೆಣ್ಣುಮಗಳು ಯಾರು ಗೊತ್ತೇ? ಗರ್ಟ್ರೂಡ್ ಆಲಿಸ್ ರಾಮ್, 1976ರಲ್ಲಿ. ಅವರೂ ನರ್ಸೇ! ಇಂದಿಗೂ ಕೋರ್ಸ್ ಮುಗಿಸಿ ಸೇರುವ ಹುಡುಗಿ ಲೆಫ್ಟಿನೆಂಟ್ ಆಗುತ್ತಾಳೆ, ಭುಜದ ಮೇಲೆ ಎರಡು ನಕ್ಷತ್ರ. 7ನೇ ವೇತನ ಆಯೋಗದ ಪ್ರಕಾರ ಆರಂಭದ ಮೂಲ ವೇತನ ತಿಂಗಳಿಗೆ 56,100 ರೂಪಾಯಿ, ಅದರ ಮೇಲೆ ಮಿಲಿಟರಿ ಸೇವಾ ವೇತನ 10,800 ರೂಪಾಯಿ. ಉಳಿದ ಭತ್ಯೆ ಬೇರೆ. ‘ನರ್ಸ್ ಕೆಲಸಾನ?’ ಎಂದು ಮೂಗು ಮುರಿಯುವ ನೆಂಟರಿಗೆ ಇಷ್ಟು ಲೆಕ್ಕ ಹೇಳಿದರೆ ಸಾಕು.

ಇನ್ನು ಕಾಕಾನ ಪ್ರಶ್ನೆ, ಲಗ್ನದ್ದು. ನನ್ನ ಪ್ರಕಾರ ನಮ್ಮ ಕಡೆ ಹುಡುಗಿಯರ ದಾರಿ ನಿಲ್ಲುವುದು ಇಲ್ಲೇ, ಗಡಿಯ ಭಯದಲ್ಲಿ ಅಲ್ಲ. ಹಿಂದೆ ಈ ಸೇವೆಯಲ್ಲಿ ಮದುವೆ ನಿಜಕ್ಕೂ ತೊಡಕಾಗಿತ್ತು. ಲೆಫ್ಟಿನೆಂಟ್ ಸೆಲಿನಾ ಜಾನ್ ಎಂಬ ಅಧಿಕಾರಿಯನ್ನು 1988ರಲ್ಲಿ ಮದುವೆಯಾದರು ಎಂಬ ಕಾರಣಕ್ಕೆ ಕೆಲಸದಿಂದ ತೆಗೆದರು. ಮದುವೆ ಕುರಿತ ಆ ನಿಯಮ 1977ರದ್ದು, ಅನ್ವಯಿಸುತ್ತಿದ್ದುದು ಹೆಣ್ಣುಮಕ್ಕಳಿಗೆ ಮಾತ್ರ. 1995ರಲ್ಲಿ ಅದನ್ನು ಹಿಂಪಡೆದರು. ಆದರೂ ಆಕೆ ಬಿಡಲಿಲ್ಲ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವೇ ಮನಬಂದಂತೆ ಮಾಡಿದ್ದು, ಸಂವಿಧಾನಕ್ಕೆ ವಿರುದ್ಧ ಎಂದಿತು. ಆಕೆಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಲು ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಮೂವತ್ತಾರು ವರ್ಷ ಕಾದ ತೀರ್ಪು!

ಅಂದರೆ ಅಧಿಕಾರಿಯಾದ ಮೇಲೆ ಮದುವೆಗೆ ಅಡ್ಡಿ ಇಲ್ಲ. ಆದರೆ ಪಿಯುಸಿ ಮುಗಿಸಿ ಬಿ.ಎಸ್ಸಿ ನರ್ಸಿಂಗ್‌ಗೆ ಸೇರುವ ಹುಡುಗಿ ಅವಿವಾಹಿತೆ ಆಗಿರಬೇಕು, ಓದುವ ನಾಲ್ಕು ವರ್ಷವೂ ಹಾಗೇ ಇರಬೇಕು. (ವಿಚ್ಛೇದಿತೆ, ಅವಲಂಬಿತರಿಲ್ಲದ ವಿಧವೆಯರಿಗೂ ಅವಕಾಶ ಉಂಟು.) ‘ಛಲೋ ಸಂಬಂಧ ಬಂದದ, ಲಗ್ನ ಮಾಡಿ ಆಮ್ಯಾಲೆ ಓದಸ್ತೀವಿ’ ಎಂಬ ಮಾತು ಬೇರೆ ಕೋರ್ಸಿಗೆ ನಡೆದೀತು, ಇಲ್ಲಿ ನಡೆಯದು. ಮಗಳಿಗೆ ಇದರಲ್ಲಿ ಮನಸ್ಸಿದ್ದರೆ ಇಪ್ಪತ್ತೆರಡರವರೆಗೆ ಲಗ್ನದ ಮಾತು ಎತ್ತುವುದಿಲ್ಲ ಎಂದು ಮನೆಮಂದಿ ಈಗಲೇ ಕೂತು ತೀರ್ಮಾನಿಸಬೇಕು. ಆ ಮಾತನ್ನು ಆಡುವವರು ನೀವೇ ಆಗಬೇಕಮ್ಮ, ಹುಡುಗಿಯೊಬ್ಬಳೇ ಆಡಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಸೇರುವುದು ಹೇಗೆ? ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಇರಬೇಕು. ಒಟ್ಟು ಶೇ 50 ಅಂಕ ಬೇಕು, ಅದೂ ಮೊದಲ ಯತ್ನದಲ್ಲೇ. ವಯಸ್ಸು 17ರಿಂದ 25. ವಾಣಿಜ್ಯ, ಕಲಾ ವಿಭಾಗದವರಿಗೆ ದಾರಿ ಇಲ್ಲ, ಆದ್ದರಿಂದ ಎಸ್ಸೆಸ್ಸೆಲ್ಸಿ ಮುಗಿದಾಗಲೇ ಯೋಚಿಸಬೇಕು. 2022ರಿಂದ ನೀಟ್ ಬರೆಯುವುದು ಕಡ್ಡಾಯ. ನೀಟ್ ಬರೆದ ಮಾತ್ರಕ್ಕೆ ಅರ್ಜಿ ಹಾಕಿದಂತಾಗಲಿಲ್ಲ, ಸೇನೆಯ ನೇಮಕಾತಿ ವೆಬ್‌ಸೈಟಿನ ಪ್ರಕಟಣೆಗಾಗಿ ಕಣ್ಣಿಟ್ಟಿರಬೇಕು. ನೀಟ್ ಅಂಕದ ಮೇಲೆ ಆಯ್ದವರಿಗೆ ಸಾಮಾನ್ಯ ಬುದ್ಧಿಮತ್ತೆ ಮತ್ತು ಇಂಗ್ಲಿಷ್‌ನ ಕಂಪ್ಯೂಟರ್ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ನಡೆಯುತ್ತವೆ. ನೀಟ್ ಕನ್ನಡದಲ್ಲೂ ಬರೆಯಬಹುದು. ಆದರೆ ಮುಂದೆ ಇಂಗ್ಲಿಷ್ ತಪ್ಪದು. ಕನ್ನಡ ಮಾಧ್ಯಮದ ಹುಡುಗಿಯರು ಎಡವುವುದು ಇಲ್ಲಿ. ದಿನಾ ಅರ್ಧ ಗಂಟೆ ಇಂಗ್ಲಿಷ್ ಪೇಪರನ್ನು ಜೋರಾಗಿ ಓದಲಿ. ತಪ್ಪಾದರೂ ಸರಿ, ಗೆಳತಿಯ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡಲಿ. ಅದಕ್ಕೆ ದೊಡ್ಡ ಕೋಚಿಂಗ್ ಬೇಡ.

ಒಟ್ಟು ಆರು ಕಾಲೇಜು, 220 ಸೀಟು: ಪುಣೆ, ಮುಂಬೈ, ಬೆಂಗಳೂರು, ದಿಲ್ಲಿ, ಲಖನೌ, ಕೋಲ್ಕತ್ತ. ದೇಶಕ್ಕೆಲ್ಲ ಇಷ್ಟೇ. ನಮ್ಮ 371ಜೆ ಪ್ರಮಾಣಪತ್ರ ರಾಜ್ಯದ ಸೀಟಿಗೆ ಉಪಯೋಗ, ಇಲ್ಲಿ ನಡೆಯದು. ಪೈಪೋಟಿ ಜೋರು. ದೂರದ ಮಾತು ಬಂದರೆ ಒಂದು ಸಮಾಧಾನ ಇದೆ. ವಾಡಿ ಜಂಕ್ಷನ್ನಿನಲ್ಲಿ ನಿಂತರೆ ಮುಂಬೈ, ಪುಣೆ, ಬೆಂಗಳೂರು, ದಿಲ್ಲಿ ನಾಲ್ಕೂ ಕಡೆಗೆ ನೇರ ರೈಲು ಸಿಗುತ್ತದೆ. ಆರರಲ್ಲಿ ನಾಲ್ಕು ಕಾಲೇಜು ನಮ್ಮ ಹಳಿಯ ಮೇಲೇ ಇದ್ದಂತಾಯಿತು!

ಸೀಟು ಸಿಕ್ಕರೆ ಊಟ, ವಸತಿ ಸೇನೆಯದ್ದೇ, ಸ್ಟೈಪೆಂಡೂ ಬರುತ್ತದೆ. ಗಣಿಯಲ್ಲಿ ಹಾಸುಗಲ್ಲು ಒಡೆದು ಮನೆ ನಡೆಸುವವರಿಗೆ ಇದು ಸಣ್ಣ ಮಾತಲ್ಲ. ಬದಲಿಗೆ ಮುಚ್ಚಳಿಕೆ ಬರೆದುಕೊಡಬೇಕು: ಮುಗಿದ ಮೇಲೆ ಕನಿಷ್ಠ ಐದು ವರ್ಷ ಸೇವೆ. ಅರ್ಧಕ್ಕೆ ಬಿಟ್ಟು ಬಂದರೆ ಹಣ ಕಟ್ಟಬೇಕು. ಸಹಿ ಹಾಕುವ ಮುನ್ನ ಆ ಕಾಗದವನ್ನು ಅಪ್ಪ-ಅವ್ವ ಇಬ್ಬರೂ ಓದಿಸಿ ಕೇಳಿ. ಇನ್ನೊಂದು ಮಾತು, ಎಲ್ಲರಿಗೂ ಕಾಯಂ ಕಮಿಷನ್ ಸಿಗುವುದಿಲ್ಲ. ಅಲ್ಪಾವಧಿ ಕಮಿಷನ್ ಸಿಕ್ಕಿದವರ ಸೇವೆ ಐದು ವರ್ಷದಿಂದ ಶುರುವಾಗಿ ಹೆಚ್ಚೆಂದರೆ 14 ವರ್ಷದವರೆಗೆ ವಿಸ್ತರಣೆಯಾಗುತ್ತದೆ. ಪಿಂಚಣಿಗೆ 20 ವರ್ಷ ಬೇಕು. ‘ಮಿಲಿಟರಿ ನೌಕರಿ, ಪೆನ್ಷನ್ ಪಕ್ಕಾ’ ಎಂದು ನಂಬಿ ಕೂರಬೇಡಿ. ಹಬ್ಬಕ್ಕೆ ರಜೆ ಸಿಗದಿರಬಹುದು, ರಾತ್ರಿ ಪಾಳಿ ಇರುತ್ತದೆ, ಕೆಲ ವರ್ಷಕ್ಕೊಮ್ಮೆ ವರ್ಗ ಇರುತ್ತದೆ. ರಕ್ತ ಕಂಡರೆ ತಲೆ ಸುತ್ತುವ, ಬರೀ ಯೂನಿಫಾರ್ಮಿಗೆ ಮರುಳಾದ ಹುಡುಗಿಗೆ ಇದು ಬೇಡ ಎಂದೇ ಹೇಳುತ್ತೇನೆ.

ಸೀಟು ಸಿಗದಿದ್ದರೆ? ಕಲಬುರಗಿಯಲ್ಲೇ ಬಿ.ಎಸ್ಸಿ ನರ್ಸಿಂಗ್ ಓದಬಹುದು. ಅಲ್ಲಿಯ ಇಎಸ್‌ಐಸಿ ನರ್ಸಿಂಗ್ ಕಾಲೇಜಿನಲ್ಲಿ ಇಎಸ್‌ಐ ವಿಮೆ ಇರುವ ಕಾರ್ಮಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಕಾರ್ಖಾನೆ ಕೆಲಸದ ಅಪ್ಪಂದಿರು ವಿಚಾರಿಸಿ. ಪದವಿ ಮುಗಿಸಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾದವರಿಗೆ ನೇರ ಅಲ್ಪಾವಧಿ ಕಮಿಷನ್ನಿಗೆ ಸೇನೆ ಆಗಾಗ ಅರ್ಜಿ ಕರೆಯುತ್ತದೆ, ಅದಕ್ಕೆ 35ರವರೆಗೆ ವಯಸ್ಸಿನ ಅವಕಾಶ.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿಸಿ. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮಗಳ ರಕ್ತದ ಹಿಮೋಗ್ಲೋಬಿನ್, ಕಣ್ಣು, ಹಲ್ಲು ತೋರಿಸಿ. ನಮ್ಮ ಹುಡುಗಿಯರಲ್ಲಿ ರಕ್ತಹೀನತೆ ಬಹಳ. ಬೇಸಿಗೆಯಲ್ಲಿ ಗೊತ್ತಾದರೆ ಮಾತ್ರೆ, ಸೊಪ್ಪು, ಶೇಂಗಾ, ಬೆಲ್ಲ ತಿಂದು ಸರಿಮಾಡಿಕೊಳ್ಳಲು ಕಾಲಾವಕಾಶ ಇರುತ್ತದೆ. ದಿಲ್ಲಿಯವರೆಗೆ ಹೋಗಿ ಗೊತ್ತಾದರೆ ಇರುವುದಿಲ್ಲ.